ಕಾರ್ಪೆಟ್ ತೊಳೆಯುವ ಮೆಷಿನ್ ಬಾಡಿಗೆಗೆ ತರುವುದಿದ್ದರೆ

ಕಾರ್ಪೆಟ್ ತೊಳೆಯುವುದು ಕಷ್ಟವಲ್ಲ, ಒಣಗಿಸುವುದು ಕಷ್ಟ. ಮಂಗಳೂರಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಉಪ್ಪಿನ ಡಬ್ಬಿಯೇ ಒದ್ದೆಯಾಗುತ್ತದೆ, ಇನ್ನು ಕಾರ್ಪೆಟ್ ಬಿಡುತ್ತದಾ? ಯಾವ ಮೆಷಿನ್ ತರಬೇಕು, ಯಾವ ತಿಂಗಳಲ್ಲಿ ತರಬೇಕು, ಶ್ಯಾಂಪೂ ಎಷ್ಟು ಹಾಕಬೇಕು ಅಂತ ಯೋಚಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಒಳಗೆ ಹೋದ ನೀರು ಪೂರ್ತಿ ಹೊರಗೆ ಬರುತ್ತದಾ?

ನಮ್ಮದು ಬಿಜೈಯಲ್ಲಿ ಒಂದು ಹಳೆಯ ಫ್ಲ್ಯಾಟ್. ಭಾವ ಕುವೈತ್‌ನಲ್ಲಿ ಇದ್ದಷ್ಟು ಕಾಲ ರಜೆಗೆ ಬರುವಾಗ ಕಾರ್ಪೆಟ್ ತರುತ್ತಿದ್ದರು. ಹಾಲ್‌ಗೆ ದೊಡ್ಡದು, ಅತ್ತೆಯ ಕೋಣೆಗೆ ಒಂದು, ಮಗಳ ಮಂಚದ ಪಕ್ಕಕ್ಕೆ ಸಣ್ಣದು. ಮಗಳಿಗೆ ಬೆಳಿಗ್ಗೆ ಎದ್ದ ಕೂಡಲೇ ಸೀನು ಶುರುವಾಗುತ್ತದೆ. ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳಗಳು ತೇವ ಇದ್ದಲ್ಲಿ ಚೆನ್ನಾಗಿ ಬೆಳೆಯುತ್ತವೆ, ಅವುಗಳ ಹಿಕ್ಕೆಯೇ ಅಲರ್ಜಿಗೆ ಮುಖ್ಯ ಕಾರಣ. ಕಾರ್ಪೆಟ್ ಅವಕ್ಕೆ ಒಳ್ಳೆಯ ಮನೆ. ಹಾಗಾಗಿ ನನಗೆ ಇದು ಬರೀ ಚಂದ ಕಾಣುವ ವಿಷಯ ಅಲ್ಲ. ಒಮ್ಮೆ ಮನೆಗೆ ಬಂದು ತೊಳೆದು ಕೊಡುವವರನ್ನು ಕರೆಸಿದ್ದೆವು. ಅವರು ಬೇಗ ಬೇಗ ಮುಗಿಸಿ ಹೋದರು, ಕಾರ್ಪೆಟ್ ದಿನಗಟ್ಟಲೆ ಒದ್ದೆಯಾಗಿಯೇ ಉಳಿಯಿತು, ಹಾಲ್ ಪೂರ್ತಿ ಮುಗ್ಗಲು ವಾಸನೆ. ಅಂದಿನಿಂದ ಮೆಷಿನ್ ಬಾಡಿಗೆಗೆ ತಂದು ನಾನೇ ತೊಳೆಯುತ್ತೇನೆ. ನಿಧಾನಕ್ಕೆ ಮಾಡುವ ತಾಳ್ಮೆ ಮನೆಯವರಿಗೆ ಇರುವಷ್ಟು ಬೇರೆಯವರಿಗೆ ಇರುವುದಿಲ್ಲ.

ಮೊದಲು ನಿಮ್ಮ ಕಾರ್ಪೆಟ್ ಯಾವುದೆಂದು ನೋಡಿ

ಎಲ್ಲ ಕಾರ್ಪೆಟ್‌ಗೂ ಮೆಷಿನ್ ಆಗುವುದಿಲ್ಲ. ಹಿಂದಿನ ಲೇಬಲ್ ಓದಿ. ಗಲ್ಫ್‌ನಿಂದ ಬಂದ ಮೆಷಿನ್ ನೇಯ್ಗೆಯ ಕಾರ್ಪೆಟ್‌ಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್. ಇವನ್ನು ಧೈರ್ಯವಾಗಿ ತೊಳೆಯಬಹುದು. ನೂಲು ನೀರು ಕುಡಿಯುವುದಿಲ್ಲ, ಬೇಗ ಒಣಗುತ್ತದೆ. ಆದರೆ ಎಣ್ಣೆ ಜಿಡ್ಡು ಮಾತ್ರ ಇವಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಲೇಬಲ್ ಹರಿದು ಹೋಗಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು, ಸಿಂಕ್‌ನ ಮೇಲೆ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಿಗೆ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್. ಕಾಗದದಂತೆ ಉರಿದರೆ ಹತ್ತಿ, ಸೆಣಬು ಅಥವಾ ವಿಸ್ಕೋಸ್. ಉಣ್ಣೆಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ, ಉಣ್ಣೆಗೆ ಆಗುತ್ತದೆ ಎಂದು ಬರೆದಿರುವ ಶ್ಯಾಂಪೂ ಹಾಕಿ ತೊಳೆಯಬಹುದು. ಬಟ್ಟೆ ಸೋಪಿನ ಪುಡಿ, ಸೋಡಾ ಇದಕ್ಕೆ ಬೇಡವೇ ಬೇಡ, ಕ್ಷಾರ ಉಣ್ಣೆಯನ್ನು ಹಾಳು ಮಾಡುತ್ತದೆ.

ರೇಷ್ಮೆ, ಸೆಣಬು, ಹೊಳಪಿನ ವಿಸ್ಕೋಸ್ ಇದ್ದರೆ ಮೆಷಿನ್ ಹತ್ತಿರ ತರಬೇಡಿ. 'ಆರ್ಟ್ ಸಿಲ್ಕ್', 'ಬ್ಯಾಂಬೂ ಸಿಲ್ಕ್' ಎಂದು ಮಾರುವುದೂ ಹೆಚ್ಚಾಗಿ ವಿಸ್ಕೋಸ್ ಜಾತಿಯೇ. ನೀರು ಬಿದ್ದರೆ ಎಳೆ ಬಲ ಕಳೆದುಕೊಳ್ಳುತ್ತದೆ, ಒಣಗುವಾಗ ಹಳದಿ ಕಟ್ಟುತ್ತದೆ. ಅಜ್ಜನ ಕಾಲದ ಕಾಶ್ಮೀರಿ ಕಾರ್ಪೆಟ್ ಇದ್ದರೆ ಅದನ್ನು ಬಲ್ಲವರ ಕೈಗೇ ಕೊಡಿ. ಹತ್ತಿಯ ಜಮಖಾನಕ್ಕೆ ಮೆಷಿನ್ ಯಾಕೆ? ಒಗೆಯುವ ಕಲ್ಲು ಸಾಕು.

ಇನ್ನೊಂದು ವಿಷಯ. ಕಾರ್ಪೆಟ್ ಮಗುಚಿ ನೋಡಿ. ಹಿಂಬದಿಗೆ ಬಟ್ಟೆ ಅಂಟಿಸಿದ್ದು, ಅದನ್ನು ಮಡಚಿದಾಗ ಬಿಳಿ ಪುಡಿ ಉದುರಿದರೆ ಒಳಗಿನ ರಬ್ಬರ್ ಅಂಟು ಸತ್ತಿದೆ ಎಂದರ್ಥ. ಅಂಥದ್ದನ್ನು ತೊಳೆದರೆ ಪದರ ಬಿಟ್ಟುಕೊಳ್ಳುತ್ತದೆ.

ಬಣ್ಣ ಬಿಡುತ್ತದಾ ಎಂಬ ಪರೀಕ್ಷೆಯನ್ನು ಹಿಂದಿನ ದಿನವೇ ಮಾಡಿ. ಮೂಲೆಯಲ್ಲಿ, ಮುಖ್ಯವಾಗಿ ಕೆಂಪು ಮತ್ತು ಕಡು ನೀಲಿ ಇರುವ ಕಡೆ, ಶ್ಯಾಂಪೂ ನೀರು ಸ್ವಲ್ಪ ಹಚ್ಚಿ, ಬಿಳಿ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ.

ದಿನ ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸದ ಹೆಸರೇ ಎತ್ತಬೇಡಿ. ಅಕ್ಟೋಬರ್‌ನಲ್ಲೂ ಸಂಜೆ ಗುಡುಗು ಮಳೆ ನಂಬಲಿಕ್ಕಾಗದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೇನೋ ಚೆನ್ನಾಗಿರುತ್ತದೆ, ಆದರೆ ನೇತ್ರಾವತಿಯಲ್ಲಿ ನೀರು ಇಳಿದು ತುಂಬೆ ಡ್ಯಾಮಿನ ಮಟ್ಟ ಕಮ್ಮಿಯಾದರೆ ನಗರದ ನೀರಿಗೆ ಕಡಿತ ಬರುತ್ತದೆ. ಟ್ಯಾಂಕರ್ ತರಿಸುವ ಹೊತ್ತಿನಲ್ಲಿ ಕಾರ್ಪೆಟ್ ತೊಳೆಯುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಮಟ್ಟಿಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳು ಒಳ್ಳೆಯವು. ಬೆಳಿಗ್ಗೆ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ. ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಗಾಳಿ ಏಳುತ್ತದೆ, ಅದರಲ್ಲಿ ತೇವ ಜಾಸ್ತಿ. ಆದ್ದರಿಂದ ಬೆಳಿಗ್ಗೆ ಬೇಗ ಶುರು ಮಾಡಿ ಹನ್ನೊಂದರ ಒಳಗೆ ನೀರಿನ ಕೆಲಸ ಮುಗಿಸಿಬಿಡಿ. ಉಡುಪಿ, ಕುಂದಾಪುರದ ಕಡೆಗೂ ಇದೇ ಲೆಕ್ಕ.

ಮೆಷಿನ್ ಬುಕ್ ಮಾಡುವ ಮೊದಲು ಪೇಪರಿನಲ್ಲಿ ಮೆಸ್ಕಾಂನ ವಿದ್ಯುತ್ ನಿಲುಗಡೆ ಪ್ರಕಟಣೆ ನೋಡಿಕೊಳ್ಳಿ. ಲೈನ್ ದುರಸ್ತಿಗೆಂದು ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ತೆಗೆಯುವ ದಿನಗಳಿರುತ್ತವೆ. ಅಂಥ ದಿನ ಮೆಷಿನ್ ತಂದರೆ ಬಾಡಿಗೆ ದಂಡ. ಅದಕ್ಕಿಂತ ಕಷ್ಟ, ಅರ್ಧ ಕೆಲಸದಲ್ಲಿ ಕರೆಂಟ್ ಹೋಗಿ ಕಾರ್ಪೆಟ್ ನೀರು ಕುಡಿದು ಕೂತುಬಿಟ್ಟರೆ.

ಅಂಗಡಿಯಲ್ಲಿ ಏನು ಕೇಳಬೇಕು

ಮೆಷಿನ್ ಹುಡುಕುವಾಗ ಕಾರ್ಪೆಟ್ ಎಂದೇ ಕೇಳಿದರೆ ಹೆಚ್ಚಿನವರು ಇಲ್ಲ ಎಂದು ತಲೆಯಾಡಿಸುತ್ತಾರೆ. ಹುಡುಗರನ್ನು ಕಳಿಸಿಯೇ ಕ್ಲೀನ್ ಮಾಡಿಸುವುದು ಇಲ್ಲಿನ ರೂಢಿ. ನೀವು ವಿಚಾರಿಸಬೇಕಾದ್ದು ಹೀಗೆ: ಸೋಫಾ ಕ್ಲೀನಿಂಗ್ ಮಾಡುವವರು, ಕಾರಿನ ಒಳಗೆ ಸೀಟು ತೊಳೆದು ಕೊಡುವವರು, ಕ್ಲೀನಿಂಗ್ ಸಾಮಾನು ಮತ್ತು ಮೆಷಿನ್ ಮಾರುವವರು, ಡ್ರಿಲ್ಲಿಂಗ್ ಮೆಷಿನ್ ಬಾಡಿಗೆಗೆ ಕೊಡುವವರು. ಕಾರಿನ ಸೀಟಿಗೂ ಕಾರ್ಪೆಟ್‌ಗೂ ಬಳಸುವುದು ಒಂದೇ ಮೆಷಿನ್. ಅವರಿಗೆ ವಾರದ ನಡುವೆ ಕೆಲಸ ಕಮ್ಮಿ ಇದ್ದರೆ ಕೊಡಲು ಒಪ್ಪುತ್ತಾರೆ. ಪರಿಚಯದವರ ಮೂಲಕ ಹೋದರೆ ಮಾತು ಸುಲಭ.

ಅಂಗಡಿಗಳಲ್ಲಿ ಎಲ್ಲವನ್ನೂ 'ವ್ಯಾಕ್ಯೂಮ್' ಎಂದೇ ಕರೆಯುತ್ತಾರೆ. ಆದರೆ ಒಂದೊಂದೂ ಬೇರೆ. ಬರೀ ನೀರು ಎಳೆಯುವ ಡ್ರಮ್ಮಿನಂಥದ್ದು ಒಂದು. ನೆಲಕ್ಕೆ ಪಾಲಿಶ್ ಹಾಕುವ, ದುಂಡು ಬ್ರಷ್ ತಿರುಗುವುದು ಇನ್ನೊಂದು. ಇದು ಉಜ್ಜುತ್ತದೆ, ನೀರು ಎಳೆಯುವುದಿಲ್ಲ. ಬಿಸಿ ಹಬೆ ಬಿಡುವುದು ಮತ್ತೊಂದು, ಅದೂ ಎಳೆಯುವುದಿಲ್ಲ. ನಿಮಗೆ ಬೇಕಾದ್ದು ಸ್ಪ್ರೇ ಎಕ್ಸ್‌ಟ್ರಾಕ್ಷನ್ ಮೆಷಿನ್. ಒಂದೇ ಹಿಡಿಯಲ್ಲಿ ನೀರು ಚಿಮ್ಮಿಸುತ್ತದೆ, ಹಿಂದೆಯೇ ಅದನ್ನು ಕೊಳೆ ಸಮೇತ ಎಳೆಯುತ್ತದೆ. ಒಳ್ಳೆಯ ನೀರಿಗೆ ಒಂದು ಟ್ಯಾಂಕ್, ಕೊಳೆ ನೀರಿಗೆ ಬೇರೆ ಟ್ಯಾಂಕ್. ಕಾರ್ಚರ್ ಕಂಪನಿಯ ಪುಟ್ಸಿ ಮಾದರಿ ಈ ಜಾತಿಯದು. "ನೀರು ಬಿಟ್ಟು ಕೂಡಲೇ ವಾಪಸ್ ಎಳೆಯುತ್ತದಾ ಅಣ್ಣಾ?" ಎಂದು ಕೇಳಿದರೆ ಯಾವ ಹೆಸರಿನ ಗೊಂದಲವೂ ಇಲ್ಲ.

ಅಂಗಡಿಯಲ್ಲೇ ಒಂದು ಚೊಂಬು ನೀರು ಹಾಕಿಸಿ ನಡೆಸಿ ನೋಡಿ. "ಎಲ್ಲ ಸರಿ ಉಂಟು ಅಕ್ಕಾ, ಕೊಂಡುಹೋಗಿ" ಎಂದು ಅವರು ಹೇಳುತ್ತಾರೆ. ಹೇಳಲಿ, ಆದರೂ ನೋಡಿ. ನೀರು ಬೀಸಣಿಗೆಯಂತೆ ಅಗಲಕ್ಕೆ ಬರಬೇಕು. ಒಂದೇ ಕಡೆ ಪಿಚಕಾರಿಯಂತೆ ಬಂದರೆ ನಾಝಲ್ ಕಟ್ಟಿದೆ. ಹಿಡಿಯ ಬಾಯಿಗೆ ಅಂಗೈ ಇಟ್ಟರೆ ಗಟ್ಟಿಯಾಗಿ ಅಂಟಬೇಕು. ಅಂಟದಿದ್ದರೆ ಮುಚ್ಚಳದ ರಬ್ಬರ್ ವಾಷರ್ ಹೋಗಿದೆ ಅಥವಾ ಪೈಪ್ ಸೀಳಿದೆ. ಹೊಳೆಯುವ ಹೊಸ ಮೆಷಿನ್ ಬೇಕಾಗಿಲ್ಲ, ಎಳೆತ ಬೇಕು. ಎಳೆತ ಇಲ್ಲದ ಮೆಷಿನ್ ಪುಕ್ಕಟೆ ಕೊಟ್ಟರೂ ತರಬೇಡಿ.

ಕೊಳೆ ನೀರಿನ ಟ್ಯಾಂಕ್‌ಗೆ ಮೂಗು ಹತ್ತಿರ ತನ್ನಿ. ಹಿಂದಿನವರು ತೊಳೆಯದೆ ಇಟ್ಟಿದ್ದರೆ ವಾಸನೆ ಬರುತ್ತದೆ. ವಯರ್ ಎಲ್ಲಾದರೂ ಕತ್ತರಿಸಿದೆಯಾ, ಟೇಪ್ ಸುತ್ತಿದೆಯಾ ನೋಡಿ. ನೀರಿನ ಕೆಲಸಕ್ಕೆ ಟೇಪ್ ಸುತ್ತಿದ ವಯರ್ ಬೇಡ. ಪ್ಲಗ್ಗಿನ ಪಿನ್ ಯಾವುದೆಂದೂ ನೋಡಿ. ದೊಡ್ಡ ಪಿನ್ ಇದ್ದರೆ ಫ್ರಿಜ್ ಅಥವಾ ಎ.ಸಿ.ಯ ಪವರ್ ಪ್ಲಗ್ಗೇ ಬೇಕು, ಅದು ಹಾಲ್‌ನಿಂದ ಎಷ್ಟು ದೂರ ಎಂದು ಮನೆಯಲ್ಲಿ ಮೊದಲೇ ಅಳೆದುಕೊಳ್ಳಿ. ಒಯ್ಯುವ ಮುನ್ನ ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆದರೆ ಡಿಪಾಸಿಟ್ ವಾಪಸ್ ಕೇಳುವಾಗ ತಕರಾರು ಇರುವುದಿಲ್ಲ. 'ಒಂದು ದಿನ' ಎಂದರೆ ಅಂಗಡಿ ಮುಚ್ಚುವವರೆಗಾ, ಇಪ್ಪತ್ನಾಲ್ಕು ಗಂಟೆಯಾ ಎಂದೂ ಕೇಳಿ. ಇಪ್ಪತ್ನಾಲ್ಕು ಗಂಟೆ ಅಂತಾದರೆ ಸಂಜೆ ತನ್ನಿ, ಮರುದಿನ ಬೆಳಿಗ್ಗೆ ಪೂರ್ತಿ ನಿಮ್ಮದು.

ಖರ್ಚಿನ ಲೆಕ್ಕ ಹೀಗೆ ಹಾಕಿ. ಬಾಡಿಗೆ, ಶ್ಯಾಂಪೂ, ಹೋಗಿ ಬರುವ ರಿಕ್ಷಾ, ಮೂರನ್ನೂ ಕೂಡಿಸಿ. ನಿಮ್ಮ ಕಾರ್ಪೆಟ್‌ಗಳ ಚದರಡಿ ಕೂಡಿಸಿ. ನಮ್ಮಲ್ಲಿ ಆರು ಒಂಬತ್ತರದ್ದು 54, ಐದು ಎಂಟರದ್ದು 40, ನಾಲ್ಕು ಆರರದ್ದು 24, ಒಟ್ಟು 118 ಚದರಡಿ. ಮೊತ್ತವನ್ನು ಅದರಿಂದ ಭಾಗಿಸಿದರೆ ಚದರಡಿಗೆ ಎಷ್ಟು ಬಿತ್ತೆಂದು ಗೊತ್ತಾಗುತ್ತದೆ. ಮನೆಗೆ ಬಂದು ತೊಳೆಯುವವರು ಹೇಳುವ ದರದ ಜೊತೆ ಹೋಲಿಸಿ. ಒಂದೇ ಸಣ್ಣ ಕಾರ್ಪೆಟ್ ಇದ್ದರೆ ಬಾಡಿಗೆ ಗಿಟ್ಟುವುದಿಲ್ಲ. ನಾನು ಮೇಲಿನ ಮನೆಯವರ ಜೊತೆ ಸೇರಿ ತರುತ್ತೇನೆ. ಅವರ ಸೋಫಾ, ನಮ್ಮ ಕಾರ್ಪೆಟ್, ಖರ್ಚು ಅರ್ಧ ಅರ್ಧ. ಇಬ್ಬರಿದ್ದರೆ ಒದ್ದೆ ಕಾರ್ಪೆಟ್ ಎತ್ತಲೂ ಆಗುತ್ತದೆ.

ತೊಳೆಯುವುದು

ನೀರು ಮುಟ್ಟಿಸುವ ಮೊದಲು ಧೂಳು ತೆಗೆಯಿರಿ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ಕಾರ್ಪೆಟ್‌ನ ಕೊಳೆಯಲ್ಲಿ ಹೆಚ್ಚಿನದು ಒಣ ಮಣ್ಣು. ನಮ್ಮಲ್ಲಿ ಅದು ಮುರಕಲ್ಲಿನ ಕೆಂಪು ಧೂಳು, ಅದರಲ್ಲಿ ಕಬ್ಬಿಣದ ಅಂಶ ಉಂಟು. ಒಣಗಿದ್ದಾಗ ಉದುರುತ್ತದೆ, ಒದ್ದೆಯಾದರೆ ಕೆಸರಾಗಿ ಬುಡಕ್ಕೆ ಇಳಿಯುತ್ತದೆ. ಮೊದಲು ಮಗುಚಿ ಹಾಕಿ ಹಿಂಬದಿಯಿಂದ ಬಡಿಯಿರಿ, ಆಮೇಲೆ ಮೇಲಿನಿಂದ ವ್ಯಾಕ್ಯೂಮ್ ಹಿಡಿಯಿರಿ. ವ್ಯಾಕ್ಯೂಮ್ ಇಲ್ಲದಿದ್ದರೆ ಹಿಡಿಸೂಡಿಯಲ್ಲಿ ನೂಲಿನ ದಿಕ್ಕಿಗೂ ಎದುರು ದಿಕ್ಕಿಗೂ ಗುಡಿಸಿ. ಕೆಳಗೆ ಬಿದ್ದ ಕೆಂಪು ಪುಡಿ ನೋಡಿದರೆ ಯಾಕೆ ಹೇಳಿದೆನೆಂದು ಗೊತ್ತಾಗುತ್ತದೆ.

ಕಲೆಗಳನ್ನು ಬೇರೆಯಾಗಿ ನೋಡಿಕೊಳ್ಳಿ. ಹಾಲು, ಮೊಟ್ಟೆ, ರಕ್ತ, ಮಕ್ಕಳ ಉಚ್ಚೆ ಇದ್ದಲ್ಲಿ ಮೊದಲು ತಣ್ಣೀರು. ಬಿಸಿ ನೀರು ತಾಗಿದರೆ ಕಲೆ ಅಲ್ಲೇ ಕೂತುಬಿಡುತ್ತದೆ. ಮೀನು ಸಾರು ಚೆಲ್ಲಿದ ಜಾಗದಲ್ಲಿ ಎಣ್ಣೆಯೂ ಇದೆ, ಅರಿಶಿನವೂ ಇದೆ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುವುದು ಎಲ್ಲರಿಗೂ ಗೊತ್ತು. ಹೆದರಬೇಡಿ, ಎಣ್ಣೆ ಹೋಗಲಿ, ಉಳಿದ ಹಳದಿಯನ್ನು ಬಿಸಿಲು ತಿನ್ನುತ್ತದೆ. ಕುಂಕುಮ ಬಿದ್ದಿದ್ದರೆ ಒಣಗಿದ್ದಾಗಲೇ ವ್ಯಾಕ್ಯೂಮ್‌ನಿಂದ ತೆಗೆಯಿರಿ, ಕೈಯಿಂದ ಉಜ್ಜಬೇಡಿ. ಮೇಣದ ಬತ್ತಿಯ ಮೇಣ ಇದ್ದರೆ ಅದರ ಮೇಲೆ ಐಸ್ ಇಟ್ಟು ಗಟ್ಟಿ ಮಾಡಿ ಕೆರೆಯಿರಿ.

ನೀರಿಗೆ ಬಾತ್‌ರೂಮಿನ ಗೀಸರ್ ಸಾಕು. ಒಲೆಯ ಮೇಲೆ ಕುದಿಸಿದ ನೀರನ್ನು ಟ್ಯಾಂಕ್‌ಗೆ ಸುರಿದರೆ ಪಂಪ್ ಮತ್ತು ರಬ್ಬರ್ ಹಾಳಾಗುತ್ತವೆ. ಎಷ್ಟು ಬಿಸಿ ತಡೆಯುತ್ತದೆ ಎಂದು ಮೆಷಿನ್ ಮೇಲೆ ಅಥವಾ ಅದರ ಕೈಪಿಡಿಯಲ್ಲಿ ಬರೆದಿರುತ್ತದೆ. ಬಾವಿ ನೀರು ಬಳಸುವವರು ಬಕೆಟ್‌ನಲ್ಲಿ ಕೆಂಪು ಕರೆ ಕಟ್ಟುತ್ತದಾ ನೋಡಿ. ಕಟ್ಟಿದರೆ ತಿಳಿ ಬಣ್ಣದ ಕಾರ್ಪೆಟ್‌ಗೆ ಆ ನೀರು ಬೇಡ.

ಶ್ಯಾಂಪೂ ಈ ಮೆಷಿನ್‌ಗೆಂದೇ ಇರುವ, ನೊರೆ ಕಮ್ಮಿ ಬರುವುದು ಇರಬೇಕು. ಬಟ್ಟೆಯ ಪುಡಿ ಹಾಕಿದರೆ ಕೊಳೆ ಟ್ಯಾಂಕ್ ನೊರೆಯಿಂದ ತುಂಬಿ, ನೊರೆ ಮೋಟರ್‌ಗೆ ಹೋಗುತ್ತದೆ. ಬಾಟಲಿಯಲ್ಲಿ ಬರೆದ ಅಳತೆಗಿಂತ ಜಾಸ್ತಿ ಬೇಡ. ಕಾರ್ಪೆಟ್‌ನಲ್ಲಿ ಉಳಿದ ಶ್ಯಾಂಪೂ ಅಂಟಂಟಾಗಿ, ಹೊಸ ಧೂಳನ್ನು ಬೇಗ ಹಿಡಿಯುತ್ತದೆ. ತೊಳೆದ ತಿಂಗಳಲ್ಲೇ ಕಪ್ಪಾಯಿತು ಎನ್ನುವವರ ಮನೆಯಲ್ಲಿ ಹೆಚ್ಚಾಗಿ ಇದೇ ಕತೆ.

ನಾನು ಶ್ಯಾಂಪೂವನ್ನು ಟ್ಯಾಂಕ್‌ಗೆ ಹಾಕುವುದಿಲ್ಲ. ಬೇರೆ ಸ್ಪ್ರೇ ಬಾಟಲಿಯಲ್ಲಿ ಕಲಸಿ ಕಾರ್ಪೆಟ್ ಮೇಲೆ ಚಿಮುಕಿಸಿ, ಮೆತ್ತನೆ ಬ್ರಷ್‌ನಲ್ಲಿ ಹಗುರವಾಗಿ ಎಳೆದು, ಹತ್ತು ಹದಿನೈದು ನಿಮಿಷ ಬಿಡುತ್ತೇನೆ. ಒಣಗಲು ಬಿಡಬಾರದು, ಅದಕ್ಕೆ ಅರ್ಧರ್ಧ ಭಾಗ ಮಾಡಿಕೊಳ್ಳುವುದು ಒಳ್ಳೆಯದು. ಟ್ಯಾಂಕ್‌ನಲ್ಲಿ ಬರೀ ಬಿಸಿ ನೀರು. ಆಗ ತೊಳೆಯುವುದೂ ಜಾಲಾಡುವುದೂ ಒಟ್ಟಿಗೇ ಆಗುತ್ತದೆ.

ಈಗ ಮುಖ್ಯ ಕೆಲಸ. ಬಾಗಿಲಿನಿಂದ ದೂರದ ಮೂಲೆಯಲ್ಲಿ ಶುರು ಮಾಡಿ ಹಿಂದಕ್ಕೆ ಬನ್ನಿ. ಹಿಡಿಯನ್ನು ನಿಮ್ಮ ಕಡೆಗೆ ಎಳೆಯುವಾಗ ಮಾತ್ರ ನೀರಿನ ಗುಂಡಿ ಒತ್ತಿ. ಒಂದು ಪಟ್ಟಿ ಮುಗಿದ ಕೂಡಲೇ ಗುಂಡಿ ಬಿಟ್ಟು, ಅದೇ ಪಟ್ಟಿಯ ಮೇಲೆ ಬರೀ ಎಳೆತದಲ್ಲಿ ಎರಡು ಮೂರು ಸಲ ಬನ್ನಿ. ಇದು ನಿಧಾನ ಆಗಲೇಬೇಕು. ಇಸ್ತ್ರಿ ಹಾಕುವ ಗತಿಯಲ್ಲಿ ಎಂದು ಇಟ್ಟುಕೊಳ್ಳಿ. ಪಟ್ಟಿಗಳು ಒಂದರ ಮೇಲೊಂದು ಎರಡು ಬೆರಳಿನಷ್ಟು ಬೀಳಲಿ. ಹಿಡಿಯ ಬಾಯಿ ಪಾರದರ್ಶಕ ಪ್ಲಾಸ್ಟಿಕ್ ಆಗಿದ್ದರೆ ಒಳಗೆ ನೀರು ಓಡುವುದು ಕಾಣುತ್ತದೆ. ಮೊದಲು ಚಹಾದ ಬಣ್ಣ, ಆಮೇಲೆ ತಿಳಿ. ಬರೀ ಎಳೆಯುವಾಗ ಹನಿ ಕಾಣುವುದು ನಿಲ್ಲುವವರೆಗೆ ಎಳೆಯುತ್ತಾ ಇರಿ. ಕೊಳೆ ಹೋಗದ ಜಾಗಕ್ಕೆ ಮತ್ತೆ ಮತ್ತೆ ನೀರು ಬಿಡಬೇಡಿ. ಅದನ್ನು ಒಣಗಿದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಬಹುದು.

ಮೋಟರ್ ಸದ್ದು ಇದ್ದಕ್ಕಿದ್ದಂತೆ ಕೀರಲಾದರೆ ಕೊಳೆ ಟ್ಯಾಂಕ್ ತುಂಬಿದೆ ಎಂದರ್ಥ. ಅದನ್ನು ಬಕೆಟ್‌ಗೆ ಸುರಿದು ಅಳೆಯಿರಿ. ಹತ್ತು ಲೀಟರ್ ಒಳಗೆ ಹೋಗಿದ್ದರೆ ಏಳೆಂಟು ಲೀಟರ್ ಆದರೂ ವಾಪಸ್ ಬಂದಿರಬೇಕು ಎಂಬುದು ನಾನು ಇಟ್ಟುಕೊಂಡ ಲೆಕ್ಕ. ಐದೇ ಬಂದಿದ್ದರೆ ಉಳಿದದ್ದು ಕಾರ್ಪೆಟ್ ಹೊಟ್ಟೆಯಲ್ಲಿದೆ, ಇನ್ನೂ ಎಳೆಯಿರಿ. ಕೊಳೆ ನೀರನ್ನು ಬಟ್ಟೆಯಲ್ಲಿ ಸೋಸಿ ಟಾಯ್ಲೆಟ್‌ಗೆ ಸುರಿಯಿರಿ. ಅಡುಗೆಮನೆಯ ಸಿಂಕ್‌ಗೆ ಹಾಕಿದರೆ ನೂಲು ಸೇರಿ ಪೈಪ್ ಕಟ್ಟುತ್ತದೆ. ಬಾವಿಕಟ್ಟೆ ಹತ್ತಿರವೂ ಬೇಡ.

ಕಾಲಿಗೆ ರಬ್ಬರ್ ಚಪ್ಪಲಿ ಇರಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಅನಿವಾರ್ಯವಾದರೆ ದಪ್ಪ ವಯರ್‌ನದ್ದು ತಂದು ಕುರ್ಚಿಯ ಮೇಲೆ ಇಡಿ, ನೆಲದಲ್ಲಿ ಬೇಡ. ಮಕ್ಕಳನ್ನು ಆ ಹೊತ್ತಿಗೆ ಪಕ್ಕದ ಮನೆಗೆ ಕಳಿಸಿ.

ಒಣಗಿಸುವುದು

ಒದ್ದೆಯಾದ ಕಾರ್ಪೆಟ್ ಇಪ್ಪತ್ನಾಲ್ಕು ಗಂಟೆಯ ಒಳಗೆ ಒಣಗಬೇಕು. ಅದು ದಾಟಿ ಎರಡನೇ ದಿನಕ್ಕೆ ಹೋದರೆ ಬೂಸ್ಟು ಹಿಡಿಯಲು ಶುರುವಾಗುತ್ತದೆ. ಹೊರಗಿನಿಂದ ಕಾಣುವುದಿಲ್ಲ, ವಾಸನೆ ಹೇಳುತ್ತದೆ.

ಹಾಸಿದಲ್ಲೇ ಒಣಗಲು ಬಿಡಬೇಡಿ. ಅಡಿಗೆ ಗಾಳಿ ಹೋಗುವುದಿಲ್ಲ. ಟೈಲ್ಸ್ ನೆಲವಾದರೂ ಕೆಳಗೆ ನೀರು ನಿಲ್ಲುತ್ತದೆ, ಹಳೆಯ ಮನೆಯ ರೆಡ್ ಆಕ್ಸೈಡ್ ನೆಲವಾದರೆ ಬಣ್ಣ ಹತ್ತುವ ಭಯವೂ ಇದೆ. ಟೆರೇಸಿನಲ್ಲಿ ಶೀಟಿನ ಮಾಡು ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಮ್ಮೂರಿನ ಮನೆಗಳಲ್ಲಿ ಮಳೆಗೆಂದು ಹಾಕಿಸಿದ ಈ ಶೀಟು ಕಾರ್ಪೆಟ್‌ಗೆ ಬಹಳ ಉಪಕಾರಿ. ನಾಲ್ಕು ಕಡೆಯಿಂದ ಗಾಳಿ ಬರುತ್ತದೆ, ನೆತ್ತಿಯ ಬಿಸಿಲು ಬೀಳುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಇಟ್ಟು ಅವುಗಳ ಮೇಲೆ ಹರಡಿ. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಎಳೆದು ಆಕಾರ ಕೆಡುತ್ತದೆ. ಬಿಸಿಲಿಗೆ ಹಾಕಲೇಬೇಕಾದರೆ ಹಿಂಬದಿ ಮೇಲೆ ಮಾಡಿ. ಅರಿಶಿನದ ಕಲೆ ಇದ್ದ ಜಾಗಕ್ಕೆ ಮಾತ್ರ ಸ್ವಲ್ಪ ಹೊತ್ತು ನೇರ ಬಿಸಿಲು ತಾಗಲಿ.

ಟೆರೇಸ್ ಇಲ್ಲದವರು ಕೋಣೆಯಲ್ಲೇ ಕುರ್ಚಿಯ ಮೇಲೆ ಹಾಕಿ, ಸೀಲಿಂಗ್ ಫ್ಯಾನ್ ಜೊತೆಗೆ ಒಂದು ಟೇಬಲ್ ಫ್ಯಾನನ್ನು ಅಡಿಗೆ ತಿರುಗಿಸಿ ಇಡಿ. ಎ.ಸಿ. ಇದ್ದರೆ ಕಿಟಕಿ ಬಾಗಿಲು ಮುಚ್ಚಿ ಡ್ರೈ ಮೋಡ್‌ಗೆ ಹಾಕಿ. ಸಂಜೆಯ ಹೊತ್ತು ಕಿಟಕಿ ತೆರೆದಿಟ್ಟರೆ ಗಾಳಿಯ ತೇವ ಒಳಗೆ ಬರುತ್ತದೆ. ಕೈಗೆ ಒಣಗಿದಂತೆ ಕಂಡರೂ ನಂಬಬೇಡಿ. ಒಣ ಬಿಳಿ ಟವೆಲ್ ಹಾಕಿ ಅದರ ಮೇಲೆ ನಿಂತು ಹಿಮ್ಮಡಿ ಒತ್ತಿ, ಟವೆಲ್ ತಣ್ಣಗಾಗಿದ್ದರೆ ಬುಡದಲ್ಲಿ ಇನ್ನೂ ನೀರಿದೆ. ಪೂರ್ತಿ ಒಣಗುವ ಮೊದಲು ಮರದ ಟೀಪಾಯಿ ತಂದಿಟ್ಟರೆ ಕಾಲಿನ ಪಾಲಿಶ್ ಕಾರ್ಪೆಟ್‌ಗೆ ಹತ್ತುತ್ತದೆ. ಅವಸರವಿದ್ದರೆ ಕಾಲಿನ ಕೆಳಗೆ ಅಲ್ಯೂಮಿನಿಯಂ ಹಾಳೆ ಮಡಚಿ ಇಡಿ.

ಮೆಷಿನ್ ಕೈಯಲ್ಲಿರುವಾಗ ಸೋಫಾ, ಬಟ್ಟೆಯ ಕುರ್ಚಿ, ಕಾರಿನ ಸೀಟು ಕೂಡ ಮಾಡಿಬಿಡಿ. ಸಣ್ಣ ಹಿಡಿ ಕೊಡುತ್ತಾರಾ ಎಂದು ಅಂಗಡಿಯಲ್ಲೇ ಕೇಳಿ. ಹಾಸಿಗೆಗೆ ಮಾತ್ರ ನಾನು ನೀರು ಬಿಡುವುದಿಲ್ಲ. ದಪ್ಪ ಫೋಮಿನ ಒಳಗೆ ಹೋದ ನೀರನ್ನು ಈ ಊರಿನಲ್ಲಿ ಹೊರಗೆ ತರುವುದು ಅಸಾಧ್ಯ.

ವಾಪಸ್ ಕೊಡುವ ಮೊದಲು ಎರಡೂ ಟ್ಯಾಂಕ್ ತೊಳೆದು, ಒಂದು ಚೊಂಬು ಒಳ್ಳೆಯ ನೀರನ್ನು ನಾಝಲ್ ಮೂಲಕ ಬಿಟ್ಟು, ಜಾಲರಿಯಲ್ಲಿ ಸಿಕ್ಕಿದ ಕೂದಲು, ನೂಲು ತೆಗೆಯಿರಿ. ಪೈಪ್ ಎತ್ತಿ ಹಿಡಿದು ನೀರು ಸುರಿಸಿ. ಮುಂದಿನ ವರ್ಷ ಅದೇ ಅಂಗಡಿಗೆ ಹೋದಾಗ ನಿಮ್ಮ ಮುಖ ಅವರಿಗೆ ನೆನಪಿರುತ್ತದೆ, ಡಿಪಾಸಿಟ್ ಕೇಳುವುದೂ ಕಮ್ಮಿಯಾಗುತ್ತದೆ.